ನೀರನ್ನು ಬಿಡಿಸುವ ಅಂಚು

ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೋ, ಕಾರವಾರದ ತೀರದಲ್ಲಿ ಒಂದು ಸುತ್ತಿಗೋ ಸಣ್ಣ ಮೋಟಾರು ದೋಣಿ ಹತ್ತಿದವರಿಗೆ ಎರಡು ಸಂಗತಿ ಬೇಗ ಗೊತ್ತಾಗುತ್ತವೆ. ಮುಂದೆ ಕುಳಿತವನ ಸೊಂಟಕ್ಕೆ ಕುಕ್ಕು. ಹಿಂದೆ, ಗಾಳಿ ಬರುವ ಮಗ್ಗುಲಿಗೆ ಕುಳಿತವನಿಗೆ ಸ್ನಾನ. ಸಮುದ್ರ ಅಂದ ಮೇಲೆ ಇದೆಲ್ಲ ಇದ್ದದ್ದೇ ಎಂದು ನಕ್ಕು ಒದ್ದೆ ಅಂಗಿ ಹಿಂಡಿಕೊಳ್ಳುತ್ತೇವೆ. ಆದರೆ ಅದೇ ಅಲೆಯಲ್ಲಿ, ಅದೇ ವೇಗದಲ್ಲಿ, ಅಷ್ಟೇ ಉದ್ದದ ಇನ್ನೊಂದು ದೋಣಿ ಕೂತವರ ಅಂಗಿ ನೆನೆಸದೆ ದಾಟಿಬಿಡಬಹುದು. ಎರಡರ ನಡುವಿನ ವ್ಯತ್ಯಾಸ ಇರುವುದು ಹತ್ತುವಾಗ ನಾವ್ಯಾರೂ ಬಗ್ಗಿ ನೋಡದ ಜಾಗದಲ್ಲಿ, ದೋಣಿಯ ತಳದಲ್ಲಿ. ಕೆಲವು ಡಿಗ್ರಿಯ ಇಳಿಜಾರು, ಒಂದೆರಡು ಅಂಗುಲ ಅಗಲದ ಪಟ್ಟಿ, ಒಂದು ಚೂಪು ಅಂಚು, ಅಷ್ಟೇ ವಿಷಯ. ಆದರೆ ಅದನ್ನು ಸರಿಯಾಗಿ ಕೂಡಿಸುವುದಕ್ಕೆ ಮನುಷ್ಯ ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ಕಾಯಬೇಕಾಯಿತು.

1958ರ ಬೇಸಿಗೆ. ಅಮೆರಿಕದ ನ್ಯೂಪೋರ್ಟ್‌ನಲ್ಲಿ ಅಮೆರಿಕಾಸ್ ಕಪ್ ಎಂಬ ಹಾಯಿದೋಣಿ ಪಂದ್ಯದ ಗಲಾಟೆ. ಪಂದ್ಯಕ್ಕೆ ಆಯ್ಕೆ ಬಯಸಿ ಬಂದಿದ್ದ ಹಡಗುಗಳಲ್ಲಿ 'ಈಸ್ಟರ್ನರ್' ಒಂದು. ಅದನ್ನು ವಿನ್ಯಾಸ ಮಾಡಿದವನು ಮೆಸಾಚುಸೆಟ್ಸ್‌ನ ರೇಮಂಡ್ ಹಂಟ್. ಹಡಗಿಗೆ ಹಗ್ಗ, ಹಾಯಿ, ಜನ ತಲುಪಿಸಲು ಅವನದೇ ವಿನ್ಯಾಸದ 23 ಅಡಿಯ ಮೋಟಾರು ದೋಣಿಯೂ ಓಡಾಡುತ್ತಿತ್ತು. ಎದುರಾಳಿ ಹಡಗು 'ವಿಮ್'ನಲ್ಲಿ ನಾವಿಕನಾಗಿದ್ದ ಫ್ಲಾರಿಡಾದ ದೋಣಿ ವ್ಯಾಪಾರಿ ಡಿಕ್ ಬರ್ಟ್ರಮ್ ಪಂದ್ಯಕ್ಕಿಂತ ಹೆಚ್ಚಾಗಿ ಈ ಚಾಕರಿ ದೋಣಿಯನ್ನು ನೋಡಿದ. ಉಳಿದ ಸಣ್ಣ ದೋಣಿಗಳು ವೇಗ ತಗ್ಗಿಸಿ ತಡವರಿಸುತ್ತಿದ್ದ ಅಲೆಯಲ್ಲಿ ಅದು ಪೂರ್ತಿ ವೇಗದಲ್ಲಿ ನುಗ್ಗುತ್ತಿತ್ತು. ಬರ್ಟ್ರಮ್ ಅದೇ ಬಗೆಯದನ್ನು ತನಗೂ ಒಂದು ಬೇಕೆಂದ. ಸುಮಾರು 30 ಅಡಿಯ ಮರದ ದೋಣಿ ತಯಾರಾಯಿತು. ಹೆಂಡತಿಯನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನೇ ಇಟ್ಟ: 'ಮಾಪಿ'.

1960ರಲ್ಲಿ ಮಿಯಾಮಿಯಿಂದ ಬಹಾಮಾಸ್‌ನ ನಸೌವರೆಗಿನ ಪಂದ್ಯದಲ್ಲಿ ಮಾಪಿ ಓಡಿತು. ದಾರಿ ಸುಮಾರು 160 ನಾಟಿಕಲ್ ಮೈಲು. ಅವತ್ತು ಬಿರುಗಾಳಿ, ಎಂಟು ಅಡಿ ಎತ್ತರದ ಅಲೆ. ಮಾಪಿ ಎಂಟು ಗಂಟೆಯಲ್ಲಿ ಗುರಿ ಮುಟ್ಟಿತು. ಎರಡನೆಯದು ಬಂದದ್ದು ಎರಡು ಗಂಟೆ ತಡವಾಗಿ, ಅದೂ ಹಂಟ್‌ನದೇ ವಿನ್ಯಾಸ. ಮೂರನೆಯ ದೋಣಿಯ ಮುಖ ಕಂಡದ್ದು ಮರುದಿನ. ಗೆದ್ದ ದೋಣಿಯ ಮೇಲೆಯೇ ಅಚ್ಚು ತೆಗೆದು ಬರ್ಟ್ರಮ್ ಫೈಬರ್‌ಗ್ಲಾಸ್‌ನಲ್ಲಿ 'ಬರ್ಟ್ರಮ್ 31' ಮಾಡಿ ಮಾರತೊಡಗಿದ. ಇವತ್ತು ಕಡಲಲ್ಲಿ ಓಡುವ ವೇಗದ ಸಣ್ಣ ದೋಣಿಗಳಲ್ಲಿ ಹೆಚ್ಚಿನವುಗಳ ತಳದಲ್ಲಿ ಆ ಅಚ್ಚಿನ ನೆರಳಿದೆ.

ಹಾಗಾದರೆ ಆ ತಳದಲ್ಲಿ ಏನಿತ್ತು?

ತೇಲುವುದು, ಜಾರುವುದು

ನಿಧಾನ ಹೋಗುವ ದೋಣಿ ನೀರನ್ನು ಪಕ್ಕಕ್ಕೆ ಸರಿಸಿ ತನ್ನ ಜಾಗ ಮಾಡಿಕೊಳ್ಳುತ್ತದೆ. ಸರಿಸಿದ ನೀರು ಅಲೆಯಾಗುತ್ತದೆ, ಆ ಅಲೆಯೇ ದೋಣಿಗೆ ಕಡಿವಾಣವೂ ಆಗುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ತೊಟ್ಟಿ ಕಟ್ಟಿಸಿ, ಅದರಲ್ಲಿ ಮಾದರಿ ಹಡಗುಗಳನ್ನು ಎಳೆದು ನೋಡಿದ ವಿಲಿಯಂ ಫ್ರೂಡ್ ಈ ಲೆಕ್ಕಕ್ಕೆ ಬುನಾದಿ ಹಾಕಿದ. ಕಸುಬುದಾರರು ಬಾಯಲ್ಲೇ ಹೇಳುವ ಸೂತ್ರ ಹೀಗೆ: ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಅಂಥ ದೋಣಿ ಸಲೀಸಾಗಿ ಹೋಗಬಲ್ಲ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 25 ಅಡಿಗೆ 6.7 ನಾಟ್, ಅಂದರೆ ಗಂಟೆಗೆ ಹನ್ನೆರಡು ಕಿಲೋಮೀಟರ್ ಚಿಲ್ಲರೆ. ಸೈಕಲ್ ಸವಾರನೂ ಹಿಂದೆ ಹಾಕುವ ವೇಗ.

ಅದಕ್ಕಿಂತ ಮೇಲೆ ಹೋಗಬೇಕಾದರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಿ, ನೀರಿನ ಮೇಲೆ ಜಾರಬೇಕು. ಚಪ್ಪಟೆ ಬಿಲ್ಲೆಕಲ್ಲನ್ನು ಕೆರೆಯ ಮೇಲೆ ಓರೆಯಾಗಿ ಬೀಸಿದರೆ ಮುಳುಗದೆ ಕುಪ್ಪಳಿಸಿ ಹೋಗುತ್ತದಲ್ಲ, ಅದೇ ನ್ಯಾಯ. ತಳ ನೀರನ್ನು ಕೆಳಕ್ಕೆ ಒತ್ತುತ್ತದೆ, ನೀರು ತಳವನ್ನು ಮೇಲಕ್ಕೆ ಎತ್ತುತ್ತದೆ. ಇದಕ್ಕೆ ಪ್ಲೇನಿಂಗ್ ಎನ್ನುತ್ತಾರೆ. ಎತ್ತುವ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು ಚಪ್ಪಟೆ ತಳ. ಕೆರೆ ನೀರಿನಲ್ಲಿ, ಕಡಿಮೆ ಎಂಜಿನ್ನಿನಲ್ಲಿ, ಅದು ಬೇಗ ಮೇಲೇಳುತ್ತದೆ. ತೊಂದರೆ ಶುರುವಾಗುವುದು ಅಲೆ ಎದ್ದಾಗ.

ಊರ ಕೆರೆಗೆ ಹಾರಿ ಈಜು ಕಲಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈ ಜೋಡಿಸಿ ತಲೆ ಮುಂದಾಗಿ ಇಳಿದರೆ ನೀರು ಬಾಯಿ ಬಿಟ್ಟು ಒಳಗೆ ಬಿಟ್ಟುಕೊಳ್ಳುತ್ತದೆ. ಹೊಟ್ಟೆ ಬಡಿದರೆ ಕಲ್ಲಾಗುತ್ತದೆ. ನೀರಿಗೆ ಸರಿದುಕೊಳ್ಳಲು ಎಷ್ಟು ಸಮಯ ಕೊಟ್ಟಿರಿ ಎಂಬುದಷ್ಟೇ ಪ್ರಶ್ನೆ. 1929ರಲ್ಲಿ ಥಿಯೋಡರ್ ಫಾನ್ ಕಾರ್ಮನ್ ಇದನ್ನು ಗಣಿತಕ್ಕೆ ತಂದ. ಅವನ ಚಿಂತೆ ದೋಣಿಯದಲ್ಲ, ನೀರಿನ ಮೇಲೆ ಇಳಿಯುವ ವಿಮಾನದ ತೇಲುಬುಡದ್ದು. ಬುಡ ಬೆಣೆಯ ಹಾಗೆ 'ವಿ' ಆಕಾರದಲ್ಲಿದ್ದಷ್ಟೂ ಏಟು ಮೆತ್ತಗಾಗುತ್ತದೆ ಎಂದು ಲೆಕ್ಕ ತೋರಿಸಿತು.

ದೋಣಿ ಕಟ್ಟುವವರಿಗೂ ಅದು ಗೊತ್ತಿಲ್ಲದ್ದಲ್ಲ. ಅಂದಿನ ವೇಗದ ದೋಣಿಗಳ ಮೂತಿ ಕತ್ತಿಯಂತೆಯೇ ಇರುತ್ತಿತ್ತು. ಆದರೆ ಹಿಂದಕ್ಕೆ ಬರುತ್ತ ಬರುತ್ತ ಆ 'ವಿ' ಬಿಚ್ಚಿಕೊಂಡು, ಹಿಂಬದಿಯ ಹಲಗೆ ಮುಟ್ಟುವಷ್ಟರಲ್ಲಿ ತಳ ಹೆಚ್ಚುಕಮ್ಮಿ ಚಪ್ಪಟೆಯಾಗಿರುತ್ತಿತ್ತು. ಬೇಗ ಮೇಲೇಳಲಿ ಎಂಬ ಆಸೆ. ಕೊರತೆ ಅಲ್ಲೇ ಇತ್ತು. ವೇಗ ಬಂದಾಗ ಆ ಚೂಪು ಮೂತಿ ಗಾಳಿಯಲ್ಲಿರುತ್ತದೆ; ಅಲೆಯ ಮೇಲೆ ಬೀಳುವುದು ನಡುವಿನ, ಹಿಂದಿನ ಚಪ್ಪಟೆ ಭಾಗ. ಕತ್ತಿ ಒರೆಯಲ್ಲೇ ಉಳಿದು ಹಿಡಿಯಿಂದ ಹೊಡೆದಂತೆ.

ಹಂಟ್ ಮಾಡಿದ್ದು ನೋಡಲು ಸಣ್ಣ ಕೆಲಸ. 'ವಿ'ಯನ್ನು ಬಿಚ್ಚಲು ಬಿಡದೆ ಹಿಂಬದಿಯ ಹಲಗೆಯವರೆಗೂ ಒಯ್ದ. ತಳದ ನಡುಗೆರೆಯಿಂದ, ಅಂದರೆ ಕೀಲ್‌ನಿಂದ, ಮಗ್ಗುಲಿಗೆ ತಳ ಏರುವ ಕೋನಕ್ಕೆ ಡೆಡ್‌ರೈಸ್ ಎಂದು ಹೆಸರು. ಚಪ್ಪಟೆ ತಳದಲ್ಲಿ ಅದು ಸೊನ್ನೆ. ಹಂಟ್‌ನ ದೋಣಿಯಲ್ಲಿ ಹಿಂಬದಿಯಲ್ಲೂ 23 ಡಿಗ್ರಿಯ ಆಸುಪಾಸು. ಕನ್ನಡ ಕರಾವಳಿಯ ಹಂಚಿನ ಮಾಡನ್ನು ತಲೆಕೆಳಗು ಮಾಡಿ ಸ್ವಲ್ಪ ತಗ್ಗಿಸಿದರೆ ಕಣ್ಣಿಗೆ ಅಂದಾಜು ಸಿಗುತ್ತದೆ. ದೋಣಿ ಯಾವ ಭಾಗದ ಮೇಲೆ ಬಿದ್ದರೂ ಬೀಳುವುದು ಬೆಣೆಯ ಮೇಲೆಯೇ.

ಇದರ ಫಲ ಎಷ್ಟು ಎಂಬುದಕ್ಕೆ ಆಮೇಲೆ ಅಂಕಿ ಸಿಕ್ಕಿತು. ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನ ಡೇವಿಡ್‌ಸನ್ ಪ್ರಯೋಗಾಲಯದಲ್ಲಿ ಡೇನಿಯಲ್ ಸವಿಟ್ಸ್ಕಿ 1964ರಲ್ಲಿ ಜಾರುವ ತಳಗಳ ಲೆಕ್ಕವನ್ನು ಒಂದು ಪ್ರಬಂಧದಲ್ಲಿ ಒಪ್ಪವಾಗಿ ಕಟ್ಟಿಕೊಟ್ಟ. ಇಂದಿಗೂ ವಿನ್ಯಾಸಕಾರರು ಮೊದಲು ತೆರೆಯುವುದು ಅದನ್ನೇ. 1976ರಲ್ಲಿ ಅವನೂ ಬ್ರೌನ್ ಎಂಬ ಸಹೋದ್ಯೋಗಿಯೂ, ಮಾದರಿಗಳನ್ನು ಕೃತಕ ಅಲೆಗಳ ಮೇಲೆ ಎಳೆದು ಅಳೆದ ಅಂಕಿಗಳ ಆಧಾರದಲ್ಲಿ, ಕುಕ್ಕಿಗೇ ಒಂದು ಸೂತ್ರ ಕೊಟ್ಟರು. ಅದರ ಪ್ರಕಾರ, ಬೇರೆಲ್ಲ ಹಾಗೇ ಇಟ್ಟು ಡೆಡ್‌ರೈಸನ್ನು 10 ಡಿಗ್ರಿಯಿಂದ 20ಕ್ಕೆ ಏರಿಸಿದರೆ ಕುಕ್ಕಿನ ಏಟು ಕಾಲು ಭಾಗ ಇಳಿಯುತ್ತದೆ. ಇದೇ ಸೂತ್ರ ಇನ್ನೂ ಎರಡು ಮಾತು ಹೇಳುತ್ತದೆ. ಅದಕ್ಕೆ ಆಮೇಲೆ ಬರೋಣ.

ಲೋಟದ ಕಂಠ

ಕುಕ್ಕಿನ ಕತೆ ಇಷ್ಟಾಯಿತು. ತುಂತುರಿನ ಕತೆ ಇದಕ್ಕಿಂತ ನಾಜೂಕು.

ಅಂಗಳ ತೊಳೆದ ಮೇಲೆ ನಿಂತ ನೀರನ್ನು ಉದ್ದ ಹಿಡಿಯ ವೈಪರಿನಿಂದ ತಳ್ಳಿ ನೋಡಿ. ನೇರ ತಳ್ಳಿದರೆ ನೀರು ಮುಂದೆ ಸುರುಳಿಯಾಗಿ ಏಳುತ್ತದೆ. ಸ್ವಲ್ಪ ಓರೆ ಹಿಡಿದು ತಳ್ಳಿದರೆ ಪಟ್ಟಿಯ ಉದ್ದಕ್ಕೂ ಓಡಿ ತುದಿಯಿಂದ ಚಿಮ್ಮುತ್ತದೆ. ಜಾರುವ ದೋಣಿಯ ತಳದಲ್ಲೂ ಇಂಥದೇ ಒಂದು ಓರೆಗೆರೆ ಇದೆ. ಕೀಲ್ ನೀರನ್ನು ಮೊದಲು ಮುಟ್ಟುವ ಬಿಂದುವಿನಿಂದ ಎರಡೂ ಮಗ್ಗುಲಿಗೆ, ಹಿಂದಕ್ಕೆ ವಾಲಿ ಹೋಗುವ ಗೆರೆ. ಅದರ ಪಕ್ಕದಲ್ಲೇ ನೀರಿನ ಒತ್ತಡ ಎಲ್ಲಕ್ಕಿಂತ ಹೆಚ್ಚು. ಬಂದ ನೀರಿನಲ್ಲಿ ಬಹುಪಾಲು ತಳದಡಿಗೆ ನುಗ್ಗಿ ದೋಣಿಯನ್ನು ಎತ್ತುತ್ತದೆ. ಸ್ವಲ್ಪ ನೀರಿಗೆ ಕೆಳಗೆ ಜಾಗ ಸಿಗದೆ, ತೆಳ್ಳನೆಯ ಹಾಳೆಯಾಗಿ ತಳಕ್ಕೆ ಅಂಟಿಕೊಂಡೇ ಹೊರಗೆ ಓಡುತ್ತದೆ. ನಮ್ಮ ಮುಖಕ್ಕೆ ರಾಚುವುದು ಈ ಹಾಳೆ. ಎಂಜಿನಿಯರುಗಳು ಇದನ್ನು ಮೀಸೆ ತುಂತುರು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ದೂರದಿಂದ ನೋಡಿದರೆ ಮೂತಿಯ ಎರಡೂ ಕಡೆ ಬೆಕ್ಕಿನ ಮೀಸೆಯಂತೆ ಕಾಣುತ್ತದೆ. ಇನ್ನೂ ಹಿಂದೆ, ತಳವೂ ಮಗ್ಗುಲೂ ಸೇರುವ ಅಂಚಿನಿಂದ ದಪ್ಪ ನೀರಿನ ಪರದೆಯೊಂದು ಏಳುತ್ತದೆ. ಅದು ಭಾರಿ, ದೂರ ಹೋಗಿ ಬೀಳುತ್ತದೆ. ಒದ್ದೆ ಮಾಡುವುದು ಹಗುರವಾದ ಮೀಸೆಯೇ.

ಅಂದರೆ ತುಂತುರು ದೋಣಿಯ ತಪ್ಪಲ್ಲ, ಎತ್ತುವ ಕೆಲಸದ ಕೂಲಿ. ನೀರು ದೋಣಿಯನ್ನು ಎತ್ತಬೇಕು, ಆದರೆ ಚಿಮ್ಮಬಾರದು ಎಂದರೆ ಆಗದು. ವಿನ್ಯಾಸಕಾರನ ಕೈಯಲ್ಲಿರುವುದು ಒಂದೇ: ಆ ನೀರು ಎಲ್ಲಿ, ಯಾವ ದಿಕ್ಕಿಗೆ ದೋಣಿಯನ್ನು ಬಿಡಬೇಕು ಎಂದು ತೀರ್ಮಾನಿಸುವುದು.

ಇಲ್ಲಿ ಆಳವಾದ 'ವಿ'ಗೆ ತನ್ನದೇ ತೊಡಕಿದೆ. ತಳದ ಇಳಿಜಾರೇ ಆ ನೀರಿನ ಹಾಳೆಗೆ ಏಣಿ. ಅಡ್ಡಿಯಿಲ್ಲದಿದ್ದರೆ ಅದು ತಳವನ್ನು ನೆಕ್ಕುತ್ತ ಮೇಲೇರಿ, ಮಗ್ಗುಲು ಹತ್ತಿ, ಗಾಳಿಗೆ ಸಿಕ್ಕಿ ಒಳಗೆ ಬರುತ್ತದೆ. ದಾರಿಯುದ್ದಕ್ಕೂ ತಳವನ್ನು ಉಜ್ಜುವುದರಿಂದ ಎಂಜಿನ್ನಿನ ಶಕ್ತಿಯನ್ನೂ ತಿನ್ನುತ್ತದೆ. ಹಂಟ್‌ನ ಎರಡನೆಯ ಜಾಣ್ಮೆ ಇದಕ್ಕೆ ಉತ್ತರ. ತಳದ ಎರಡೂ ಮಗ್ಗುಲಿಗೆ ಮೂತಿಯಿಂದ ಹಿಂದಕ್ಕೆ ಉದ್ದುದ್ದಕ್ಕೆ ತ್ರಿಕೋನದ ಪಟ್ಟಿಗಳನ್ನು ಕೂರಿಸಿದ. ಇವೇ ಸ್ಟ್ರೇಕ್‌ಗಳು. ಪಟ್ಟಿಯ ಕೆಳಮುಖ ಮಟ್ಟಸ, ಹೊರ ಅಂಚು ಚೂಪು.

ಚೂಪು ಅಂಚು ಏಕೆ ಎನ್ನುವುದಕ್ಕೆ ಪ್ರಯೋಗ ನಮ್ಮ ಅಡುಗೆಮನೆಯಲ್ಲೇ ಇದೆ. ಕಾಫಿ ಆರಿಸುವ ಸ್ಟೀಲ್ ಲೋಟ ಎತ್ತಿಕೊಳ್ಳಿ. ಕಂಠದಲ್ಲಿ ಹೊರಕ್ಕೆ ಬಾಗಿದ ಅಂಚಿದೆ. ಎಷ್ಟು ಎತ್ತರದಿಂದ ಸುರಿದರೂ ಕಾಫಿ ಆ ಅಂಚಿನಲ್ಲಿ ಲೋಟವನ್ನು ಬಿಟ್ಟು ನೇರ ಬಟ್ಟಲಿಗೆ ಬೀಳುತ್ತದೆ. ಅದನ್ನೇ ಅಂಚಿಲ್ಲದ ದಪ್ಪ ಕಂಠದ ಪಾತ್ರೆಯಿಂದ ನಿಧಾನ ಸುರಿದರೆ ಅರ್ಧ ಕಾಫಿ ಪಾತ್ರೆಯ ಹೊರಮೈಗೆ ಅಂಟಿ ಮೊಣಕೈವರೆಗೆ ಇಳಿಯುತ್ತದೆ. ಉರುಟು ಮೈಯನ್ನು ನೀರು ಬಿಡುವುದಿಲ್ಲ, ಅದರ ಬಾಗನ್ನೇ ಹಿಡಿದು ಸುತ್ತುತ್ತದೆ. ಚೂಪು ತಿರುವು ಬಂದರೆ ಸುತ್ತಲಾರದೆ ಬಿಡುತ್ತದೆ. ಸಜ್ಜಾದ ಕೆಳಗೆ ಗಾರೆಯವನು ಎಳೆಯುವ ಸಣ್ಣ ಗೀರೂ ಮಳೆನೀರಿಗೆ ಇದೇ ಕೆಲಸ ಮಾಡುತ್ತದೆ. ಸ್ಟ್ರೇಕ್ ತಳದ ಮೇಲೇರುವ ಹಾಳೆಯನ್ನು ಹಾಗೆ ಕಿತ್ತು ಹೊರಕ್ಕೆ, ಕೆಳಕ್ಕೆ ಎಸೆಯುತ್ತದೆ. ನೀರನ್ನು ಕೆಳಕ್ಕೆ ತಿರುಗಿಸಿದ್ದಕ್ಕೆ ಪ್ರತಿಯಾಗಿ ದೋಣಿಗೆ ಒಂದಿಷ್ಟು ಎತ್ತುವ ಬಲವೂ ಸಿಗುತ್ತದೆ. 'ವಿ' ಆಳವಾದದ್ದಕ್ಕೆ ಕಳೆದುಕೊಂಡಿದ್ದರಲ್ಲಿ ಸ್ವಲ್ಪ ಹೀಗೆ ವಾಪಸು ಬಂತು.

ಎಲ್ಲಕ್ಕಿಂತ ಹೊರಗಿನ ಅಂಚು, ತಳವೂ ಮಗ್ಗುಲೂ ಕೂಡುವ ಮೂಲೆ, ಅದಕ್ಕೆ ಚೈನ್ ಎನ್ನುತ್ತಾರೆ. ಸರಪಳಿಗೂ ಅದಕ್ಕೂ ಸಂಬಂಧವಿಲ್ಲ. ಕೆಲವರು ಅಲ್ಲಿ ಒಂದೆರಡು ಅಂಗುಲದ ಮಟ್ಟಸ ಪಟ್ಟಿ ಬಿಡುತ್ತಾರೆ, ಕೆಲವರು ಅದನ್ನು ಇನ್ನೂ ಕೆಳಮುಖವಾಗಿ ಬಾಗಿಸುತ್ತಾರೆ. ಬಾಗಿಸಿದಷ್ಟೂ ದೋಣಿ ಒಣಗಿರುತ್ತದೆ. ಆದರೆ ಅಗಲ ಹೆಚ್ಚಾದರೆ ಅಲೆಯ ಮೇಲೆ ಬೀಳುವಾಗ ಅಂಗೈ ಬಡಿದಂತೆ ಆ ಪಟ್ಟಿಯೇ ಬಡಿಯುತ್ತದೆ. ಒಣಗಿಸಲು ಹೋದರೆ ಕುಕ್ಕು, ಮೆತ್ತಗೆ ಮಾಡಲು ಹೋದರೆ ಒದ್ದೆ. ಈ ಕಸುಬಿನಲ್ಲಿ ಅಳತೆಪಟ್ಟಿಯನ್ನು ಅರ್ಧ ಅಂಗುಲ ಅತ್ತ ಇತ್ತ ಸರಿಸುವುದರಲ್ಲೇ ವರ್ಷಗಳು ಕಳೆಯುತ್ತವೆ.

ಒಂದೇ ಕೈ, ಎರಡು ಉತ್ತರ

ಇಷ್ಟು ಕೇಳಿದ ಮೇಲೆ ಎಲ್ಲ ದೋಣಿಗೂ ಆಳವಾದ 'ವಿ' ಹಾಕಿದರೆ ಮುಗಿಯಿತಲ್ಲ ಅನ್ನಿಸಬಹುದು. ಹಂಟ್‌ಗೇ ಹಾಗನ್ನಿಸಲಿಲ್ಲ. ಮಾಪಿಗೆ ದಾರಿ ಮಾಡಿದ ಆ ವರ್ಷಗಳಲ್ಲೇ ಅವನು ಡಿಕ್ ಫಿಶರ್ ಎಂಬಾತನಿಗೆ 13 ಅಡಿಯ ಇನ್ನೊಂದು ದೋಣಿಗೆ ಕೈ ಹಾಕಿದ್ದ. 1958ರಲ್ಲಿ ಪೇಟೆಗೆ ಬಂದ ಅದರ ಹೆಸರು ಬಾಸ್ಟನ್ ವೇಲರ್. ಅದರ ಮೂಲ ಆಲ್ಬರ್ಟ್ ಹಿಕ್‌ಮನ್ ನಲವತ್ತು ವರ್ಷ ಹಿಂದೆ ಕಟ್ಟಿದ್ದ 'ಸೀ ಸ್ಲೆಡ್'. ಅದರಲ್ಲಿ 'ವಿ' ತಲೆಕೆಳಗು: ಎರಡು ಮಗ್ಗುಲೂ ಕೆಳಗೆ, ನಡುವೆ ಸುರಂಗ. ನೀರನ್ನು ಹೊರಗೆ ಎಸೆಯುವ ಬದಲು ಒಳಗೇ ಹಿಡಿದು, ಗಾಳಿಯೊಂದಿಗೆ ಕಲಸಿ, ಅದನ್ನೇ ಮೆತ್ತೆ ಮಾಡಿಕೊಳ್ಳುವ ಯುಕ್ತಿ. ಸುರಂಗದ ಆ ನೊರೆನೀರು ಎಂಜಿನ್ನಿನ ಪಂಖಕ್ಕೆ ಸರಿಯಾಗಿ ಹಿಡಿತ ಕೊಡುವುದಿಲ್ಲ. ಅದಕ್ಕೇ ವೇಲರ್‌ನ ನಡುವೆ ಮೂರನೆಯ ತಳವೊಂದು ಬಂತು. ಮೇಲಿನಿಂದ ನೋಡಿದರೆ ದೋಣಿಯ ಮೂತಿ ಚೂಪಲ್ಲ, ಚೌಕ.

ಅದರ ಅಂಚಿನ ಮೇಲೆ ದೊಡ್ಡವನೊಬ್ಬ ನಿಂತರೂ ವಾಲಿ ಮಗುಚುವುದಿಲ್ಲ. ಸಣ್ಣ ಎಂಜಿನ್ನಿಗೇ ಮೇಲೇಳುತ್ತದೆ, ಅಳತೆಗೆ ಮೀರಿ ಭಾರ ಹೊರುತ್ತದೆ. ಅಲೆಯಲ್ಲಿ ಓಡಿಸಿದರೆ ಮಾತ್ರ ಹಲ್ಲು ಅಲುಗುವಂತೆ ಕುಕ್ಕುತ್ತದೆ, ಚೆನ್ನಾಗಿ ನೆನೆಸುತ್ತದೆ. ಅದನ್ನು ಪ್ರೀತಿಸುವವರೂ ಇದನ್ನು ಒಪ್ಪುತ್ತಾರೆ. ಇತ್ತ ಆಳವಾದ 'ವಿ' ನಿಂತಲ್ಲಿ ತೊಟ್ಟಿಲಿನಂತೆ ತೂಗುತ್ತದೆ, ಮೇಲೇಳಲು ದೊಡ್ಡ ಎಂಜಿನ್ ಬೇಡುತ್ತದೆ, ಹೆಚ್ಚು ಎಣ್ಣೆ ಕುಡಿಯುತ್ತದೆ. ಬಂದರಿನೊಳಗೆ ಓಡಾಡುವವನಿಗೆ ಅದು ದಂಡ. ಅದಕ್ಕೇ ಇಂದಿನ ಬಹಳಷ್ಟು ದೋಣಿಗಳು ನಡುದಾರಿ ಹಿಡಿದಿವೆ: ಮೂತಿಯಲ್ಲಿ ಕಡಿದಾದ 'ವಿ', ಹಿಂಬದಿಗೆ ಹದಿನೈದರಿಂದ ಹದಿನೆಂಟು ಡಿಗ್ರಿ.

ಕುಕ್ಕು ತಗ್ಗಿಸಲು ಇನ್ನೊಂದು ಹಳೆಯ ದಾರಿಯೂ ಉಂಟು. ಹೊರುವ ಭಾರಕ್ಕೆ ತಕ್ಕಂತೆ ಅಗಲ ಕಡಿಮೆಯಾದಷ್ಟೂ ಅಲೆಯ ಏಟು ಮೆತ್ತಗೆ. ನಮ್ಮ ಕರಾವಳಿಯ ನಾಡದೋಣಿ ಉದ್ದವಾಗಿ, ತೆಳ್ಳಗೆ, ಮೂತಿ ಎತ್ತಿಕೊಂಡಿರುವುದು ಚೆಂದಕ್ಕಲ್ಲ. ಅಳಿವೆ ಬಾಗಿಲಲ್ಲಿ ಮುರಿಯುವ ಅಲೆಯನ್ನು ಸೀಳಿ ಹೋಗಬೇಕಾದವರ ತಲೆಮಾರುಗಳ ಲೆಕ್ಕ ಅದು. ಬಲೆ, ಮೀನು, ಆಳು ತುಂಬಿದ ಮೇಲೆ ಅದು ಇನ್ನಷ್ಟು ನೆಮ್ಮದಿಯಾಗಿ ಸಾಗುತ್ತದೆ.

ಮೂತಿಯ ಮೇಲ್ಭಾಗಕ್ಕೂ ಕೆಲಸವಿದೆ. ತಳದ ಅಂಚು ತಪ್ಪಿಸಿಕೊಂಡು ಬಂದ ನೀರನ್ನು ತಡೆಯುವುದು ಮೇಲೆ ಹೋದಂತೆ ಹೊರಕ್ಕೆ ಅರಳುವ ಮಗ್ಗುಲು, ಫ್ಲೇರ್. ಅಮೆರಿಕದ ನಾರ್ತ್ ಕೆರೊಲಿನಾ ತೀರದ ಕಸುಬುದಾರರು ಇದನ್ನು ಉಮ್ಮತ್ತಿ ಹೂವಿನಷ್ಟು ಅರಳಿಸಿದ್ದಾರೆ. ಕೆರೊಲಿನಾ ಫ್ಲೇರ್ ಎಂಬ ಹೆಸರೇ ನಿಂತಿದೆ. ಆದರೆ ಫ್ಲೇರ್ ಎಷ್ಟೇ ಇರಲಿ, ಗಾಳಿಯ ಮುಂದೆ ಅದರ ಮಾತು ಕಡಿಮೆ. ಹೊರಕ್ಕೆ ಎಸೆದ ಹನಿಯನ್ನು ಮೂತಿಯ ಓರೆಗೆ ಬೀಸುವ ಗಾಳಿ ತಿರುಗಿ ತಂದು ನಿಮ್ಮ ಮಡಿಲಿಗೆ ಹಾಕುತ್ತದೆ. ದಪ್ಪ ಹನಿ ಬೀಳುತ್ತದೆ, ಸಣ್ಣ ಹನಿ ಹಾರುತ್ತದೆ. ಅದಕ್ಕೇ ನೀರನ್ನು ಆದಷ್ಟು ಕೆಳಗೆ, ಹಾಳೆ ಒಡೆದು ಪುಡಿಯಾಗುವ ಮೊದಲೇ ಬಿಡಿಸಿ ಕಳಿಸುವುದು ಜಾಣತನ.

ಚುಕ್ಕಾಣಿ ಹಿಡಿದವನ ಪಾಲು

ಸವಿಟ್ಸ್ಕಿ–ಬ್ರೌನ್ ಸೂತ್ರದ ಉಳಿದೆರಡು ಮಾತು ಇಲ್ಲಿ ಬರುತ್ತವೆ. ಕುಕ್ಕಿನ ಏಟು ವೇಗದ ವರ್ಗದಂತೆ ಏರುತ್ತದೆ: 20 ನಾಟ್‌ನಿಂದ 14ಕ್ಕೆ ಇಳಿಸಿದರೆ ಏಟು ಅರ್ಧ. ದೋಣಿ ಮೂತಿ ಎತ್ತಿ ಓಡುವ ಕೋನವನ್ನು, ಅಂದರೆ ಟ್ರಿಮ್ಮನ್ನು, ಅರ್ಧಕ್ಕಿಳಿಸಿದರೂ ಏಟು ಅರ್ಧ. ಡೆಡ್‌ರೈಸಿನ ಹೆಚ್ಚುವರಿ ಹತ್ತು ಡಿಗ್ರಿ ಕೊಟ್ಟದ್ದು ಕಾಲು ಭಾಗ. ಎಕ್ಸಿಲರೇಟರ್ ಮೇಲಿನ ಕೈ ಅದರ ಎರಡರಷ್ಟು ಕೊಡಬಲ್ಲದು. ಎದುರಲೆಯಲ್ಲಿ ಅನುಭವಿ ತಾಂಡೇಲ ಎಂಜಿನ್ನಿನ ಓರೆಯನ್ನು ಒಳಕ್ಕೆ ತಂದು ಮೂತಿ ತಗ್ಗಿಸುತ್ತಾನೆ, ಅಥವಾ ಇಬ್ಬರನ್ನು ಎದ್ದು ಮುಂದೆ ಬನ್ನಿ ಎನ್ನುತ್ತಾನೆ. ಆಗ ತಳದ ಕಡಿದಾದ ಭಾಗ ಕೆಲಸಕ್ಕೆ ಇಳಿಯುತ್ತದೆ. ಹಿಂದಿನಿಂದ ಅಲೆ ಅಟ್ಟಿಕೊಂಡು ಬರುವಾಗ ಇದರ ತಿರುಗುಮುರುಗು: ಮೂತಿ ಎತ್ತಬೇಕು, ಇಲ್ಲವಾದರೆ ಅದು ಮುಂದಿನ ಅಲೆಗೆ ಚುಚ್ಚಿ ದೋಣಿ ಅಡ್ಡ ತಿರುಗುತ್ತದೆ. ಓರೆಗಾಳಿಯಲ್ಲಿ 'ವಿ' ತಳದ ದೋಣಿ ಗಾಳಿಯ ಕಡೆಗೇ ವಾಲುವ ಚಾಳಿಯದು. ಆ ಮಗ್ಗುಲನ್ನು ತುಸು ಎತ್ತಿ ಹಿಡಿದರೆ ಹಿಂದೆ ಕುಳಿತವರ ಸ್ನಾನ ಅರ್ಧ ತಪ್ಪುತ್ತದೆ.

ಮಳೆಗಾಲದಲ್ಲಿ ಪ್ರವಾಸಿ ದೋಣಿಗಳನ್ನು ದಡಕ್ಕೆಳೆದು ತೆಂಗಿನ ಮರದ ಕೆಳಗೆ ನಿಲ್ಲಿಸಿರುತ್ತಾರೆ. ತಳ ನೋಡಲು ಅದೇ ಸಮಯ. ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಂಬದಿಯ ಹಲಗೆಯ ಕೆಳಗಂಚು ನೋಡಿದರೆ ಅದು ಎಷ್ಟು 'ವಿ' ಎಂದು ಕಾಣುತ್ತದೆ. ಅಲ್ಲಿಗೆ ಅದರ ಕುಕ್ಕಿನ ಜಾತಕ ಗೊತ್ತಾದಂತೆ. ಆಮೇಲೆ ಹೆಬ್ಬೆರಳನ್ನು ಸ್ಟ್ರೇಕಿನ ಹೊರ ಅಂಚಿನ ಮೇಲೆ ಮೂತಿಯವರೆಗೂ ಎಳೆಯಿರಿ. ಹೊಸ ದೋಣಿಯಲ್ಲಿ ಅದು ಬೆರಳಿಗೆ ತಗಲುತ್ತದೆ. ಮರಳಿನ ಮೇಲೆ ವರ್ಷಗಟ್ಟಲೆ ಎಳೆದದ್ದರಲ್ಲಿ, ಪದರದ ಮೇಲೆ ಪದರ ಬಣ್ಣ ಬಳಿದದ್ದರಲ್ಲಿ, ಅಂಚು ಸಾಬೂನಿನಂತೆ ಉರುಟಾಗಿರುತ್ತದೆ. ನೀರು ಅಲ್ಲಿ ಬಿಡದೆ ಸುತ್ತಿಕೊಂಡು ಮೇಲೇರುತ್ತದೆ. ಈ ದೋಣಿ ಮೊದಲು ಹೀಗೆ ನೆನೆಸುತ್ತಿರಲಿಲ್ಲ ಎಂದು ಹೇಳುವವರು ಬಹಳ ಸಲ ಇದನ್ನೇ ಹೇಳುತ್ತಿರುತ್ತಾರೆ, ಕಾರಣ ಕಂಡಿರುವುದಿಲ್ಲ ಅಷ್ಟೇ.

ಪಕ್ಕದಲ್ಲಿ ಹುಡುಗನೊಬ್ಬ ಮರಳುಕಾಗದ ಹಿಡಿದು ತಳ ಉಜ್ಜುತ್ತಿರುತ್ತಾನೆ. ನುಣುಪಾಗಲಿ ಎಂದು ಮನಸ್ಸಿಟ್ಟು ಉಜ್ಜುತ್ತಾನೆ. ಅವನಿಗೆ ಹೇಳಬೇಕಾದ್ದು ಒಂದೇ ಮಾತು: ಎಲ್ಲ ಉಜ್ಜು, ಅಂಚು ಬಿಡು.